ಮೊದಲ ಬಳೆ

ಬೈಲಹೊಂಗಲ
೨೪ ನವೆಂಬರ್ ೨೦೨೪

ಪ್ರೀತಿಯ ಅನ್ನಪೂರ್ಣಾ,

ಕೈಯಲ್ಲಿ ಫೋನಿದ್ದೂ ಅಕ್ಕ ಕಾಗದ ಬರೆದಳಲ್ಲ ಎಂದು ನಗಬೇಡ. ಫೋನು ಮಾಡಿದರೆ ನಿನ್ನ ಅತ್ತೆ ಮುದಕವ್ವನವರು “ಸ್ಪೀಕರ್ ಹಚ್ಚ, ನಾವೂ ಕೇಳೂಣು” ಅನ್ನುತ್ತಾರೆ. ಆಮೇಲೆ ನಾನು ಒಂದು ಮಾತಾಡಿದರೆ ಕಟಕೋಳದ ಅರ್ಧ ಓಣಿ ಉತ್ತರ ಕೊಡುತ್ತದೆ. ಕಾಗದವಾದರೆ ನೀನೊಬ್ಬಳೇ ಓದುತ್ತೀ. ನಿನ್ನ ಅತ್ತೆಗೆ ಅಕ್ಷರ ಬಾರದ್ದು ಒಳ್ಳೆಯದೇ ಆಯಿತು ಎಂದು ಸಾಲಿ ಕಲಿಸುವವಳು ಹೇಳಬಾರದು, ಹೇಳಿಬಿಟ್ಟೆ.

ಯಶೋಧಾಳ ಮದುವೆ ಗಟ್ಟಿಯಾದದ್ದು ಕೇಳಿ ಕುಣಿಯುವಷ್ಟು ಸಂತೋಷವಾಯಿತು. ಯರಗಟ್ಟಿಯ ಆ ಹುಡುಗ ಬಾಳೇಶ ಸಂಭಾವಿತ, ನಮ್ಮ ಹುಡುಗಿಯನ್ನು ಓದಿಸುತ್ತೇನೆ ಎಂದೂ ಅಂದಿದ್ದಾನಂತೆ. ಅವಳ ಅಪ್ಪ ಸೋಮಪ್ಪ ಇದನ್ನು ನೋಡಬೇಕಿತ್ತು. ಶ್ರಾವಣದಲ್ಲಿ ಹೊಲದಿಂದ ಬಂದು ಎದೆ ಹಿಡಿದು ಕುಳಿತ ಮನುಷ್ಯ ಮತ್ತೆ ಏಳಲಿಲ್ಲವಲ್ಲ, ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ನಿನ್ನ ಗತಿ ಹೇಗಿರಬೇಡ.

ಈಗ ಜಗಳದ ವಿಷಯ. ಮೊನ್ನೆ ನಿನ್ನ ಅತ್ತೆ ಫೋನಿನಲ್ಲಿ ಹೇಳಿದ್ದು ನೀನೂ ಕೇಳಿದ್ದೀ. “ಹಸರ ಬಳಿ ಇಡಿಸೂ ದಿನಾ ಮೊದಲನೇ ಬಳಿ ಮದುಮಗಳಿಗೆ ತಾಯಿ ಹಾಕಬೇಕ್ರಿ. ಅನ್ನಪೂರ್ಣಾ ಮುಂದ ಬರೂ ಹಂಗಿಲ್ಲ. ನೀವು ಮುತ್ತೈದಿ ಅದೀರಿ, ತಾಯಿ ಜಾಗಾದಾಗ ನೀವ ಬಂದು ಕುಂಡ್ರಿ.”

ವಿಚಾರ ಮಾಡು. ದೇವರಿಗೆ ಕೈ ಮುಗಿಯದ, ರಿಜಿಸ್ಟರ್ ಮದುವೆಯಾದ, ಗಡಿಯಾರ ಬಿಟ್ಟರೆ ಕೈಗೆ ಏನೂ ಹಾಕದ ನಾನು ಮುತ್ತೈದೆ. ಮಂಗಳವಾರ, ಶುಕ್ರವಾರ ಉಪವಾಸವಿದ್ದು, ಎಲ್ಲಮ್ಮನ ಹೆಸರು ಹೇಳದೆ ತುತ್ತು ಎತ್ತದ ನೀನು ಅಶುಭ. ಯಾಕೆ? ನನ್ನ ಗಂಡ ಉಸಿರಾಡುತ್ತಿದ್ದಾನೆ, ಅದೂ ಗೊರಕೆ ಹೊಡೆಯುತ್ತ. ನನ್ನ ಪುಣ್ಯವೆಲ್ಲ ಆ ಗೊರಕೆಯಲ್ಲಿ ಇದೆ ಎಂದಾಯಿತು!

ನಾನು ಬರುವುದಿಲ್ಲ. ತಂಗಿಯನ್ನು ಒಳಮನೆಗೆ ತಳ್ಳಿ ಅವಳ ಜಾಗದಲ್ಲಿ ಕೂಡುವ ಮುತ್ತೈದೆತನ ನನಗೆ ಬೇಡ. ರಾಮದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಮಾಡೋಣ. ತಾಯಿ ಸಾಕ್ಷಿ ಸಹಿ ಹಾಕಬೇಕಾದರೆ ಗಂಡ ಬದುಕಿರಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೆಣ್ಣನ್ನು ಮನುಷ್ಯಳೆಂದು ಎಣಿಸದ ಶಾಸ್ತ್ರ ಇದ್ದರೆಷ್ಟು, ಬಿಟ್ಟರೆಷ್ಟು?

ನಿನ್ನ ಸಿಟ್ಟಿನ ಅಕ್ಕ
ಮಹಾನಂದಾ

*

ಕಟಕೋಳ
೩ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನ ಕಾಗದವನ್ನು ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ. ಎಮ್ಮೆ ಅದರ ಒಂದು ಮೂಲೆಯನ್ನು ತಿಂದಿತು. ನಿನ್ನ ವಿಚಾರ ಅದಕ್ಕೆ ಹಿಡಿಸಿದಂತೆ ಕಾಣುತ್ತದೆ.

ಗೊರಕೆಯ ಮಾತಿಗೆ ಶ್ರಾವಣದ ನಂತರ ಮೊದಲ ಸಲ ನಕ್ಕೆ. ಅತ್ತೆ ಹೊರಗಿನಿಂದ “ಯಾಕವಾ, ಏನಾತು?” ಅಂದರು. ಎಮ್ಮೆ ಒದ್ದಿತು ಎಂದು ಸುಳ್ಳು ಹೇಳಿದೆ.

ನೀನು ಅತ್ತೆಯನ್ನು ವೈರಿಯ ಹಾಗೆ ಬರೆಯುತ್ತೀ. ನನಗೆ ಹಾಗೆ ಅನ್ನಲು ಮನಸ್ಸು ಬರುವುದಿಲ್ಲ. ಆ ದಿನ ನನ್ನ ಕೈ ಹಿಡಿದು ಕಲ್ಲಿಗೆ ಬಡಿದು ಬಳೆ ಒಡೆದವರು ಅವರೇ. ನೀನು “ಬಿಡ್ರಿ ಆಕೀನ್ನ” ಎಂದು ಚೀರುತ್ತಿದ್ದೆಯಂತೆ, ನನಗೆ ಏನೂ ಕೇಳಿಸಲಿಲ್ಲ. ಚೂರು ಚುಚ್ಚಿ ರಕ್ತ ಬಂದಾಗ ತಮ್ಮ ಸೆರಗಿನಿಂದ ಒತ್ತಿ ಹಿಡಿದವರೂ ಅವರೇ. ನನ್ನ ಗಂಡ ತೊಡೆಯ ಮೇಲಿನ ಕೂಸಾಗಿದ್ದಾಗ ಅವರಿಗೂ ಹೀಗೆಯೇ ಆಗಿತ್ತು. ತಮಗೆ ಕಲಿಸಿದ್ದನ್ನು ನನಗೆ ಮಾಡಿದರು.

ನನಗೇನು ಬೇಕು ಎಂದು ಅವರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನನ್ನ ಮಗಳ ಕೈಗೆ ಮೊದಲ ಬಳೆ ನಾನು ಹಾಕಬೇಕು. ನಮ್ಮ ಮನೆಯಲ್ಲಿ, ಎಲ್ಲಮ್ಮನ ಜಗಲಿಯ ಮುಂದೆ, ಓಣಿಯ ಹೆಂಗಸರೆಲ್ಲ ನೋಡುವಾಗ ಹಾಕಬೇಕು. ಕಚೇರಿಯಲ್ಲಿ ಸಹಿ ಹಾಕಿದರೆ ನನ್ನ ಮರ್ಯಾದೆ ಉಳಿದೀತು. ಆದರೆ ನನಗೆ ಹಬ್ಬವೂ ಬೇಕು ಅಕ್ಕಾ. ನನ್ನ ದೇವಿಯನ್ನು ಕಸಿದುಕೊಂಡು ನನಗೆ ಬಿಡುಗಡೆ ಕೊಡಬೇಡ. ಇಬ್ಬರೂ ನನ್ನಿಂದ ಒಂದೊಂದು ಕಸಿದುಕೊಂಡರೆ ನನಗೆ ಏನು ಉಳಿಯಿತು?

ನಾನು ಬೇಡಿದ್ದು ಆಗಲಿಕ್ಕಿಲ್ಲ, ಗೊತ್ತು. ಆಗದಿದ್ದರೆ ನನ್ನ ಜಾಗದಲ್ಲಿ ಪರರು ಕೂಡುವುದಕ್ಕಿಂತ ನೀನು ಕುಳಿತರೆ ನನಗೆ ಸಂಕಟ ಕಡಿಮೆ. ಬಾ, ಬಂದು ಕುಳಿತುಕೋ. ಬೇರೇನೂ ಮಾಡಬೇಡ.

ನಿನ್ನ ತಂಗಿ
ಅನ್ನಪೂರ್ಣಾ

*

ಕಟಕೋಳ
೧೧ ಡಿಸೆಂಬರ್ ೨೦೨೪

ಅಕ್ಕಾ,

ಬೇರೇನೂ ಮಾಡಬೇಡ ಎಂದು ಬರೆದಿದ್ದೆ. ಓದಲಿಲ್ಲವೋ, ಓದಿಯೂ ಹೋದೆಯೋ?

ನಿನ್ನೆ ಬಾಳೇಶನ ತಂದೆ ನಿಜಗುಣಪ್ಪನವರು ಹೇಳದೆ ಕೇಳದೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ. “ನಿಮ್ಮ ಅಕ್ಕಾರು ನಮ್ಮ ಅಂಗಡಿಗೆ ಬಂದು ಗಿರಾಕಿ ಮುಂದ ಭಾಷಣಾ ಮಾಡಿ ಹೋದ್ರು. ಬಳಿ ಇಡಿಸೂದು ಹೆಣ್ಮಕ್ಕಳಿಗೆ ಅವಮಾನಂತ, ಅದನ್ನ ಕೈಬಿಡಬೇಕಂತ. ನಿಮಗ ಈ ಸಂಬಂಧ ಬ್ಯಾಡಾಗಿದ್ರ ನೀವ ಹೇಳ್ರಿ. ಸಾಲಿ ಅಕ್ಕೋರ ಕಡಿಂದ ಯಾಕ ಹೇಳಸ್ತೀರಿ?” ಎಂದು ಕೇಳಿದರು. ಅತ್ತೆ ಅವರ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಯಶೋಧಾ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು.

ಸಂಬಂಧ ಸದ್ಯಕ್ಕೆ ಉಳಿದಿದೆ. ನಿನ್ನೆಯಿಂದ ಅತ್ತೆ ನನ್ನೊಂದಿಗೆ ಮಾತಾಡುತ್ತಿಲ್ಲ. ನಿನ್ನ ಮಾತಿನಲ್ಲಿ ತಪ್ಪೇನೂ ಇರಲಿಕ್ಕಿಲ್ಲ. ಆದರೆ ಮದುವೆ ನನ್ನ ಮಗಳದು. ಬರುವುದಿದ್ದರೆ ತಂಗಿಯ ಮನೆಗೆ ಬಂದಂತೆ ಬಾ. ಸಭೆಗೆ ಬಂದಂತೆ ಬರುವುದಾದರೆ ಬರಲೇ ಬೇಡ.

ಅನ್ನಪೂರ್ಣಾ

*

ಕಟಕೋಳ
೨೨ ಡಿಸೆಂಬರ್ ೨೦೨೪

ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಹೊಸ್ತಿಲ ಹುಣ್ಣಿಮೆಗೆ ಅತ್ತೆ, ಯಶೋಧಾ, ನಾನು ಸವದತ್ತಿ ಗುಡ್ಡಕ್ಕೆ ಹೋಗಿದ್ದೆವು. ನೀನು ಗುಡ್ಡ ಹತ್ತುವುದನ್ನು ಬಿಟ್ಟು ಬಹಳ ವರ್ಷವಾಯಿತು, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಆ ಹುಣ್ಣಿಮೆಯಂದು ಎಲ್ಲಮ್ಮನ ಗಂಡ ಜಮದಗ್ನಿ ತೀರಿಕೊಂಡ, ದೇವಿ ವಿಧವೆಯಾದಳು ಎಂದು ನಂಬಿಕೆ. ನಮ್ಮವರು ಅದನ್ನು ರಂಡಿ ಹುಣ್ಣಿಮೆ ಎಂದೇ ಕರೆಯುತ್ತಾರೆ. ಅವಳ ದುಃಖಕ್ಕೆ ಜೊತೆಯಾಗಿ ಮುತ್ತೈದೆಯರೆಲ್ಲ ತಮ್ಮ ಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಭಾರತ ಹುಣ್ಣಿಮೆಗೆ ಮಗ ಪರಶುರಾಮ ಅಪ್ಪನನ್ನು ಬದುಕಿಸುತ್ತಾನೆ. ದೇವಿ ಮತ್ತೆ ಮುತ್ತೈದೆ, ಎಲ್ಲರ ಕೈಗೂ ಹೊಸ ಬಳೆ.

ಪ್ರತಿ ವರ್ಷ ನಾನೂ ಒಡೆದುಕೊಂಡವಳೇ. ಈ ಸಲ ಒಡೆಯಲು ಏನೂ ಇರಲಿಲ್ಲ. ಒಂದು ಕಡೆ ಗೋಡೆಗೆ ಒರಗಿ ನಿಂತೆ. ಅಕ್ಕಾ, ಆ ಸಪ್ಪಳವನ್ನು ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ, ಯಾಕೆಂದರೆ ನನ್ನವೂ ಅದರಲ್ಲಿ ಇರುತ್ತಿದ್ದವು. ಕಣ್ಣು ಹಾಯಿಸಿದಷ್ಟು ಹೆಂಗಸರು. ಕೈಗೆ ಕೈ ತಾಕಿಸಿ, ಕಲ್ಲಿಗೆ ತಾಕಿಸಿ ಒಡೆಯುತ್ತಿದ್ದರು. ಕೆಲವರು ನಿಜವಾಗಿ ಅಳುತ್ತಿದ್ದರು. ಕಾಲ ಕೆಳಗೆಲ್ಲ ಹಸಿರು, ಕೆಂಪು ಚೂರು.

ಪಕ್ಕದಲ್ಲಿ ದೇಗಾಂವದ ಕಡೆಯ ಒಬ್ಬಳು ಇದ್ದಳು. ನನ್ನ ಬರಿಗೈ ನೋಡಿ, “ನಿನ್ನುವೂ ಆದವೇನವಾ? ನನ್ನುವು ಈಗ ಆದುವು ನೋಡ” ಎಂದಳು. ತನ್ನ ಕೈಯಲ್ಲಿದ್ದ ಭಂಡಾರದ ಅರಿಶಿನವನ್ನು ನನ್ನ ಹಣೆಗೆ ಒತ್ತಿ ಮುಂದೆ ಹೋದಳು. ಸುತ್ತ ನೋಡಿದೆ. ಎಲ್ಲರ ಕೈಯೂ ಬರಿದು, ಎಲ್ಲರ ಹಣೆಗೂ ಭಂಡಾರ. ಯಾರಿಗೆ ಗಂಡ ಇದ್ದಾನೆ, ಯಾರಿಗೆ ಇಲ್ಲ, ಅಷ್ಟು ಮಂದಿಯಲ್ಲಿ ಯಾರಿಂದಲೂ ಹೇಳಲು ಸಾಧ್ಯವಿರಲಿಲ್ಲ. ಶ್ರಾವಣದಿಂದ ನನ್ನ ಹಣೆ ಮುಟ್ಟಿದವರು ಯಾರೂ ಇಲ್ಲ. ಅಲ್ಲೇ ಕುಳಿತು ಅತ್ತುಬಿಟ್ಟೆ. ಎಲ್ಲರೂ ಅಳುತ್ತಿದ್ದರಿಂದ ಯಾರೂ ಯಾಕೆ ಎಂದು ಕೇಳಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆಗೆ ಕೇಳಿದೆ.

“ಅತ್ತಿ, ಗುಡ್ಡದಾಕಿಗೆ ಎರಡ ತಿಂಗಳರಿ. ನಮಗ ಯಾಕ ಸಾಯೂತನಕ?”

“ಆಕಿ ಗಂಡ ಎದ್ದು ಬಂದ.”

“ಬರದಿದ್ರ ನೀವು ಆಕಿ ಪೂಜಾ ಬಿಡತಿದ್ರೇನ್ರಿ? ಆಕಿನ್ನೂ ಒಳಗ ಕುಂಡ್ರಸತಿದ್ರೇನು?”

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. “ಅದು ದೇವರ ಮಾತು. ಮನಷ್ಯಾರೊಳಗ ಸತ್ತಾಂವ ಬರೂದಿಲ್ಲ. ಸುಮ್ಮ ಕುಂಡ್ರ” ಎಂದರು. ಆದರೆ ನಿಜಗುಣಪ್ಪನವರು ಬಂದು ಹೋದ ಮೇಲೆ ಅವರು ನನ್ನೊಂದಿಗೆ ಮಾತಾಡಿದ್ದು ಅದೇ ಮೊದಲು. ಮುಂದಿನ ಸೀಟಿನಲ್ಲಿದ್ದ ಯಶೋಧಾ ಇಳಿಯುವ ತನಕ ಹಿಂದೆ ತಿರುಗಲಿಲ್ಲ.

ಬಳೆ ಇಡಿಸುವುದು ಭಾರತ ಹುಣ್ಣಿಮೆಗೇ ಎಂದು ಗೊತ್ತಾಗಿದೆ. ಬರುತ್ತೀಯಾ?

ಅನ್ನಪೂರ್ಣಾ

*

ಬೈಲಹೊಂಗಲ
೫ ಜನವರಿ ೨೦೨೫

ತಂಗೀ,

ಯರಗಟ್ಟಿಗೆ ಹೋದದ್ದು ನನ್ನ ತಪ್ಪು. ನಿನ್ನ ಪರವಾಗಿ ಮಾತಾಡಲು ಹೋದವಳು ನಿನ್ನನ್ನೇ ಕೇಳಲಿಲ್ಲ. ಇದಕ್ಕಿಂತ ಹೆಚ್ಚು ಬರೆದರೆ ಅದೂ ಭಾಷಣವಾಗುತ್ತದೆ.

ನಿನ್ನ ಕಾಗದವನ್ನು ಹತ್ತು ದಿನ ಮತ್ತೆ ಮತ್ತೆ ಓದಿದೆ. ನಾನು ಇಷ್ಟು ವರ್ಷ ಗುಡ್ಡದ ಕಡೆ ಬೆರಳು ಮಾಡಿ ಅಂಧಶ್ರದ್ಧೆ, ಅಂಧಶ್ರದ್ಧೆ ಎಂದೆ. ಅಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಹಾಳು ಮಾಡಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಅದೇ ಗುಡ್ಡದಲ್ಲಿ ಅಷ್ಟು ಹೆಂಗಸರು ಒಬ್ಬ ಹೆಣ್ಣಿನ ದುಃಖಕ್ಕಾಗಿ ತಮ್ಮ ಕೈ ಬರಿದು ಮಾಡಿಕೊಂಡು ನಿಲ್ಲುತ್ತಾರೆ ಎಂಬುದನ್ನು ನಾನು ನಿನ್ನ ಕಣ್ಣಿನಿಂದ ನೋಡಿದೆ. ನಮ್ಮ ಮಹಿಳಾ ಸಂಘದ ಸಭೆಗೆ ಇಪ್ಪತ್ತು ಮಂದಿ ಬಂದರೆ ನಮಗೆ ದೀಪಾವಳಿ. ನನಗೆ ಬೆರಗು ಹಿಡಿದಿದೆ, ಮುಚ್ಚಿಡುವುದಿಲ್ಲ.

ಸತ್ತವನು ಬರುವುದಿಲ್ಲ ಎಂದರಂತಲ್ಲ ನಿನ್ನ ಅತ್ತೆ! ನಮ್ಮಿಬ್ಬರ ಅಭಿಪ್ರಾಯ ಕೂಡಿದ್ದು ಇದೊಂದೇ ಕಡೆ. ಅವರಿಗೆ ಹೇಳಬೇಡ, ಬದಲಾಯಿಸಿಬಿಟ್ಟಾರು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಕಥೆಯಲ್ಲಿ ಭಾರತ ಹುಣ್ಣಿಮೆ ಇರದಿದ್ದರೆ? ರಂಡಿ ಹುಣ್ಣಿಮೆಗೇ ಕಥೆ ಮುಗಿದಿದ್ದರೆ ನೀನು ಒಪ್ಪಿಕೊಂಡು ಒಳಗೆ ಕೂಡುತ್ತಿದ್ದೆಯಾ? ಪುರಾಣ ಕೊಟ್ಟದ್ದನ್ನು ನಾಳೆ ಇನ್ನೊಬ್ಬ ಪುರಾಣ ಓದಿಯೇ ಕಸಿದುಕೊಂಡಾನು. ಹೆಣ್ಣಿನ ಹಕ್ಕಿಗೆ ದೇವಿಯ ಅಪ್ಪಣೆ ಯಾಕೆ ಬೇಕು? ಅದು ಹುಟ್ಟಿನಿಂದ ಬಂದದ್ದು.

ನಾನು ಬರುತ್ತೇನೆ. ಹೇಳಿದಲ್ಲಿ ಕೂಡುತ್ತೇನೆ. ಬಾಯಿಗೆ ಬೀಗ ಹಾಕಿಕೊಂಡೇ ಬರುತ್ತೇನೆ.

ನಿನ್ನ ಅಕ್ಕ
ಮಹಾನಂದಾ

*

ಬೈಲಹೊಂಗಲ
೧೩ ಫೆಬ್ರುವರಿ ೨೦೨೫

ಅನ್ನಪೂರ್ಣಾ,

ನಿನ್ನೆ ಸಂಜೆಯ ಬಸ್ಸಿಗೆ ಓಡಿದೆ, ನಿನ್ನೊಂದಿಗೆ ಮಾತಾಡಲು ಆಗಲೇ ಇಲ್ಲ. ನಡುಮನೆಯಲ್ಲಿ ನಡೆದದ್ದರಲ್ಲಿ ಅರ್ಧ ನಿನಗೆ ಕಾಣಲಿಲ್ಲ, ನೀನು ಒಳಗಿದ್ದೆ. ಒಬ್ಬೊಬ್ಬರು ಒಂದೊಂದು ಬಣ್ಣ ಹಚ್ಚಿ ಹೇಳುವ ಮುಂಚೆ ನಾನು ಕಂಡದ್ದನ್ನು ಬರೆಯುತ್ತೇನೆ.

ನಿನ್ನ ಅತ್ತೆ ನನ್ನ ಹಣೆಗೆ ರೂಪಾಯಿ ಅಗಲದ ಕುಂಕುಮ ಬಳಿದರು. ಕೈಗೆ ಬಲವಂತದಿಂದ ಬಳೆ ಏರಿಸಿದರು, ಗಡಿಯಾರ ಬಿಚ್ಚಿಸಿದರು. ನಾನು ಉಸಿರೆತ್ತಲಿಲ್ಲ. ಜಗಲಿಯ ಮುಂದೆ ಹೋಳಿಗೆ, ಕಡಬು ತುಂಬಿದ, ದೇವಿಯ ಎಡೆಯ ಪಡ್ಡಲಗಿ ಬುಟ್ಟಿಗಳು ಇದ್ದವು. ಓಣಿಯವರೆಲ್ಲ ಕಿಕ್ಕಿರಿದಿದ್ದರು. ಯರಗಟ್ಟಿಯಿಂದ ಬಾಳೇಶನ ತಾಯಿ ಸುಂದರವ್ವ ಬಂದು ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿದ ನೋಟದಲ್ಲಿ ಅಂಗಡಿಯ ಭಾಷಣ ಇನ್ನೂ ಇತ್ತು.

ಬಳೆಗಾರ್ತಿ ರಹೀಮಬಿ ಹಸಿರು ಬಳೆಯ ಸರ ಬಿಚ್ಚಿ, ಮೊದಲನೆಯದನ್ನು ನನ್ನ ಕೈಗೆ ಕೊಟ್ಟಳು. ನಾನು ಯಶೋಧಾಳ ಕೈ ಹಿಡಿದೆ. ಹುಡುಗಿ ಮುಷ್ಟಿ ಕಟ್ಟಿದಳು.

ಮೊದಲು ನಾಚಿಕೆ ಎಂದುಕೊಂಡೆವು. ರಹೀಮಬಿ, “ಕೈ ಸಡಲ ಬಿಡವಾ, ಬಳಿ ಒಡದೀತು” ಎಂದಳು. ಮುಷ್ಟಿ ಇನ್ನೂ ಬಿಗಿಯಾಯಿತು.

“ಯಾಕ ಹಿಂಗ ಮಾಡಾಕತ್ತೀಯ?” ಎಂದು ನಿನ್ನ ಅತ್ತೆ ಗದರಿದರು.

“ಅವ್ವ ಬರಲಿ, ಆಯಿ.”

“ಆಕಿ ಬರಬಾರದು. ಎಷ್ಟ ಸಲಾ ಹೇಳಬೇಕು?”

“ಗುಡ್ಡದಾಕಿ ಇವತ್ತ ಮತ್ತ ಮುತ್ತೈದಿ ಆಗ್ಯಾಳಲ್ಲ, ಆಕಿನ್ನ ಯಾರ ಹೊರಗ ಕರಕೊಂಡು ಬಂದ್ರು?”

“ಮಗ. ಪರಶುರಾಮ. ಅಪ್ಪನ್ನ ಎಬ್ಬಿಸಿಕೊಂಡು ಬಂದ.”

ಯಶೋಧಾ ಎದ್ದು ನಿಂತಳು. ಒಂದು ಅಕ್ಷರವೂ ತಪ್ಪಲಿಲ್ಲ. “ಅಪ್ಪನ್ನ ಕರಕೊಂಡು ಬರೂದು ನನ್ನ ಕೈಲೆ ಆಗೂದಿಲ್ಲ. ಅವ್ವ ಜೀವಂತ ಇದ್ದಾಳ. ಆಕಿನ್ನ ಕರಕೊಂಡು ಬರತೇನಿ.”

ಇಷ್ಟು ಹೇಳಿ ಒಳಗೆ ಬಂದಳು. ಮುಂದಿನದು ನಿನಗೆ ಗೊತ್ತು. ಆದರೆ ಅವಳು ಒಳಗೆ ಬಂದು ನಿನ್ನನ್ನು ಕರೆದು, ನೀನು ಒಲ್ಲೆ ಎಂದು, ಅವಳು ಬಿಡದೆ, ನೀವಿಬ್ಬರೂ ಬಾಗಿಲಿಗೆ ಬರುವ ತನಕ ನಡುಮನೆಯಲ್ಲಿ ಏನಾಯಿತು ಗೊತ್ತೇ? ಎಲ್ಲರೂ ಸುಂದರವ್ವನ ಮುಖ ನೋಡುತ್ತಿದ್ದರು. ಅವರು ಎದ್ದರೆ ಮದುವೆ ಮುರಿಯಿತು. ನನ್ನ ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ನಾನು ಬದುಕಿನಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು. ಸುಂದರವ್ವ ನನ್ನ ಕಡೆ ತಿರುಗಿದರು.

“ನೀವು ಅಂಗಡಿಗೆ ಬಂದು ಮಾತಾಡಿದಾಗ ನನಗ ಭಾಳ ಸಿಟ್ಟ ಬಂದಿತ್ರಿ. ಹುಡುಗಿ ಕೇಳಿದ್ರ ಸಿಟ್ಟ ಬರವಲ್ತು. ತಾಯಿನ್ನ ಬಿಟ್ಟು ಬಳಿ ಇಡಿಸಿಕೊಂಡಾಕಿ ನಾಳೆ ನಾ ಮುದಕಿ ಆದಾಗ ನನ್ನ ಹ್ಯಾಂಗ ನೋಡತಾಳ?”

ಎಂದವರೇ ತಮ್ಮ ಮುಂದಿದ್ದ ಅರಿಶಿನದ ತಟ್ಟೆಯನ್ನು ನಿನ್ನ ದಾರಿಗೆ ಸರಿಸಿದರು.

ನೀನು ಮೊದಲ ಬಳೆ ಹಾಕುವಾಗ ನಿನ್ನ ಕಣ್ಣು ಮಗಳ ಕೈ ಬಿಟ್ಟು ಬೇರೆಲ್ಲೂ ಇರಲಿಲ್ಲ. ನಾನು ಸುತ್ತ ನೋಡುತ್ತಿದ್ದೆ. ಬಾಗಿಲ ಹೊರಗೆ, ಎಂದೂ ಶುಭಕಾರ್ಯಕ್ಕೆ ಒಳಗೆ ಬರದ ಓಣಿಯ ಗಂಡ ಸತ್ತ ಹೆಂಗಸರು ನಿಂತಿದ್ದರು. ಅವರು ಹೊಸ್ತಿಲು ದಾಟಲಿಲ್ಲ. ಆದರೆ ಒಬ್ಬಳು ಮುಂದೆ ನಿಂತವಳ ಹೆಗಲ ಮೇಲಿಂದ ಕತ್ತು ಚಾಚಿ, ಬಾಯಿ ತೆರೆದು, ಕೂಸು ಹುಟ್ಟಿದ್ದನ್ನು ನೋಡುವ ಹಾಗೆ ನೋಡುತ್ತಿದ್ದಳು. ನನಗೂ ಹಾಗೇ ಆಗಿತ್ತು. ನಾನು ವಿಜ್ಞಾನದವಳು, ಪವಾಡ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಒಂದು ಹುಡುಗಿಯ ಮುಷ್ಟಿ ನೋಡಿ ರೋಮಾಂಚನವಾಯಿತು ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ.

ನಿನ್ನ ಅತ್ತೆ ಮುಖ ತಿರುಗಿಸಿ ವೀಳ್ಯದೆಲೆ ಒರೆಸುತ್ತಲೇ ಇದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತ. ಆದರೆ ಎದ್ದು ಹೋಗಲಿಲ್ಲ. ಅದನ್ನು ಗಮನಿಸಿದೆಯಾ?

ಯಶೋಧಾಗೆ ಇದನ್ನು ನೀನು ಹೇಳಿಕೊಟ್ಟೆಯಾ? ಇಷ್ಟೆಲ್ಲ ಆದರೂ ನಿನ್ನ ಕೈ ಮಾತ್ರ ಬರಿದೇ ಉಳಿಯಿತು. ರಹೀಮಬಿ ಕೇಳಿದಾಗ ನೀನು ಯಾಕೆ ಹಾಕಿಕೊಳ್ಳಲಿಲ್ಲ?

ಬೆರಗು ಇಳಿಯದ ನಿನ್ನ ಅಕ್ಕ
ಮಹಾನಂದಾ

*

ಕಟಕೋಳ
೯ ಮಾರ್ಚ್ ೨೦೨೫

ಅಕ್ಕಾ,

ಮದುವೆಯಲ್ಲಿ ನಿನ್ನೊಂದಿಗೆ ಕುಳಿತು ಮಾತಾಡಲು ಬಿಡುವೇ ಸಿಗಲಿಲ್ಲ. ಯಶೋಧಾ ಯರಗಟ್ಟಿಯಿಂದ ದಿನಾ ಫೋನು ಮಾಡುತ್ತಾಳೆ. ಅತ್ತೆ ಸ್ಪೀಕರ್ ಹಚ್ಚಿಸುತ್ತಾರೆ.

ನಾನು ಅವಳಿಗೆ ಏನೂ ಹೇಳಿಕೊಡಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಕೇಳಿಸಿಕೊಂಡಿದ್ದಾಳೆ, ಅಷ್ಟೇ. ಒಳಗೆ ಬಂದು ನನ್ನ ರಟ್ಟೆ ಹಿಡಿದಾಗ ನನಗೆ ಭಯವಾಯಿತು. ಮದುವೆ ಮುರಿದರೆ ನನ್ನಿಂದಾಯಿತಲ್ಲ ಎಂದು ಒಲ್ಲೆ ಅಂದೆ. ಆಮೇಲೆ ಆ ಸಣ್ಣ ಕೈಯ ಗಂಟು ಮೆಲ್ಲಗೆ ಒತ್ತಿ ಬಳೆ ಜಾರಿಸಿದಾಗ, ಅವಳು ಹುಟ್ಟಿದ ದಿನ ಇಷ್ಟು ಸಂತೋಷವಾಗಿತ್ತೋ ಇಲ್ಲವೋ ನೆನಪಿಲ್ಲ.

ಕಥೆ ರಂಡಿ ಹುಣ್ಣಿಮೆಗೇ ಮುಗಿದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದೆ. ಬಹಳ ದಿನ ವಿಚಾರ ಮಾಡಿದೆ. ಮುಗಿದಿದ್ದರೂ ನನ್ನ ಮಗಳು ಮುಷ್ಟಿ ಕಟ್ಟುತ್ತಿದ್ದಳು ಎಂದು ಅನ್ನಿಸುತ್ತದೆ. ಅವಳ ಬಾಯಿಗೆ ಮಾತು ಕೊಟ್ಟವಳು ದೇವಿ ಎಂದು ನಾನು ಅನ್ನುತ್ತೇನೆ, ಅಲ್ಲ ಎಂದು ನೀನು ಅನ್ನುತ್ತೀ. ಇರಲಿ, ಆ ಜಗಳ ನಮ್ಮಿಬ್ಬರಿಗೂ ವಯಸ್ಸಾದ ಮೇಲೆ ಬೇಕಾಗುತ್ತದೆ.

ನಾನು ಬಳೆ ಹಾಕಿಕೊಳ್ಳಲಿಲ್ಲ, ಯಾಕೆಂದರೆ ಆಗ ನನಗೆ ಬೇಕೆನಿಸಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಮುಂದೆ ಎಂದಾದರೂ ಬೇಕೆನಿಸಿದರೆ ಹಾಕಿಕೊಳ್ಳುತ್ತೇನೆ. ಆಗ ಅತ್ತೆಯನ್ನೂ ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ಇವತ್ತು ಮಧ್ಯಾಹ್ನ ಆದದ್ದನ್ನು ಹೇಳಲಿಕ್ಕೇ ಕಾಗದ ಹಿಡಿದೆ. ರಹೀಮಬಿ ನಮ್ಮ ಓಣಿಗೆ ಬಂದಿದ್ದಳು. ಬುಟ್ಟಿ ಇಳಿಸಿ ನಮ್ಮ ಕಟ್ಟೆಯ ಮೇಲೆ ನೀರು ಕುಡಿಯುತ್ತ ಕುಳಿತಳು. ಅತ್ತೆ ಕಾಳು ಹಸನು ಮಾಡುತ್ತಿದ್ದರು. ನಾನು ಬಾಗಿಲ ಒಳಗೆ ಇದ್ದೆ.

“ನಿಮ್ಮ ಮಂದ್ಯಾಗ ಗಂಡ ಸತ್ತಾಕಿ ಏನ ಮಾಡತಾಳ?” ಎಂದು ಅತ್ತೆ ಕಾಳಿನಿಂದ ಕಣ್ಣೆತ್ತದೆ ಕೇಳಿದರು.

“ನಾಕ ತಿಂಗಳ ಹತ್ತ ದಿನಾ ಮನ್ಯಾಗ ಕುಂಡ್ರತಾಳ್ರಿ. ಆಮ್ಯಾಲ ಕಿತಾಬಿನ್ಯಾಗ ಯಾ ಅಡ್ಡಿನೂ ಇಲ್ರಿ. ಅಡ್ಡಿ ಇರೂದು ಮಂದಿ ಕಣ್ಣಾಗ. ಅದು ನಮ್ಮಲ್ಲೂ ಐತ್ರಿ.”

ಅತ್ತೆ ಉಳಿದ ಕಾಳನ್ನೆಲ್ಲ ಹಸನು ಮಾಡಿ ಮುಗಿಸಿದರು. ಆಮೇಲೆ ಮೊರವನ್ನು ಬದಿಗಿಟ್ಟು, ಕೈ ಕೊಡವಿಕೊಂಡು, “ಈ ಕೈಗೆ ಯಾ ಅಳತಿ ಆದೀತ ನೋಡ” ಎಂದರು.

“ಮೊದಲಿಂದು ಯಾ ಅಳತಿ ಇತ್ರಿ?”

“ನನಗೇನ ಗೊತ್ತವಾ. ಆವಾಗ ನಾ ಯಶೋಧಾಗಿಂತ ಸಣ್ಣಾಕಿ ಇದ್ನಿ.”

ರಹೀಮಬಿ ಹತ್ತಿರ ಸರಿದಳು. ಅತ್ತೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ನೋಡಿದಳು. ಒಲೆಯ ಮೇಲೆ ಹಾಲು ಇತ್ತು, ಇಳಿಸಿ ಬರಲು ಒಳಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ರಹೀಮಬಿ ಮೂರನೆಯ ಅಳತೆಯ ಬಳೆ ತೆಗೆಯುತ್ತಿದ್ದಳು. ಮೊದಲಿನವೆರಡೂ ಸಣ್ಣವಾಗಿದ್ದವಂತೆ.

ನಿನ್ನ ತಂಗಿ
ಅನ್ನಪೂರ್ಣಾ